ಎರಡನೆಯ ಪ್ರಶ್ನೆಗೆ ನಿಲ್ಲದ ಉತ್ತರಗಳು

ಪ್ರೌಢಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಕ್ಕೆ ತೀರ್ಪುಗಾರರಾಗಿ ಹೋದವರಿಗೆಲ್ಲ ಒಂದು ಚಿತ್ರಪಟ ಚಿರಪರಿಚಿತ. ನೀಲಿ ಬಣ್ಣದ ಭೂಮಿ, ಅದರ ಸುತ್ತ ಒಂದು ವರ್ತುಲ, ವರ್ತುಲದಲ್ಲೊಂದು ತೂತು, ಆ ತೂತಿನ ಮೂಲಕ ಒಳನುಗ್ಗುತ್ತಿರುವ ಕೆಂಪು ಬಾಣಗಳು. ಮೇಲೆ ದಪ್ಪಕ್ಷರದಲ್ಲಿ 'ಜಾಗತಿಕ ತಾಪಮಾನ ಏರಿಕೆ' ಎಂಬ ಶೀರ್ಷಿಕೆ. ಪಕ್ಕದಲ್ಲಿ ನಿಂತ ವಿದ್ಯಾರ್ಥಿನಿ ತಡವರಿಸದೆ ಹೇಳುತ್ತಾಳೆ: "ಓಜೋನ್ ಪದರದಲ್ಲಿ ರಂಧ್ರವಾಗಿರುವುದರಿಂದ ಸೂರ್ಯನ ಶಾಖ ಹೆಚ್ಚಾಗಿ ಒಳಬಂದು ಭೂಮಿ ಬಿಸಿಯಾಗುತ್ತಿದೆ." ಆಗ ನೀವು ಒಂದೇ ಒಂದು ಮರುಪ್ರಶ್ನೆ ಕೇಳಿ ನೋಡಿ. "ರಂಧ್ರ ಇರುವುದು ದಕ್ಷಿಣ ಧ್ರುವದ ಮೇಲೆ. ಆದರೆ ಎಲ್ಲಕ್ಕಿಂತ ವೇಗವಾಗಿ ಬಿಸಿಯಾಗುತ್ತಿರುವುದು ಉತ್ತರ ಧ್ರುವ ಪ್ರದೇಶ. ಇದು ಹೇಗಮ್ಮ?" ಹುಡುಗಿ ತನ್ನ ಶಿಕ್ಷಕರ ಮುಖ ನೋಡುತ್ತಾಳೆ. ಶಿಕ್ಷಕರು ಚಿತ್ರಪಟ ನೋಡುತ್ತಾರೆ.

ತಪ್ಪು ಆ ಹುಡುಗಿಯದಲ್ಲ. ಭೂಮಿ ಬಿಸಿಯಾಗುತ್ತಿದೆ ಎಂಬ ಅವಳ ತೀರ್ಮಾನ ಸರಿಯಾಗಿಯೇ ಇದೆ. ತಪ್ಪಿರುವುದು ನಾವು ಅವಳಿಗೆ ಕಲಿಸಿದ ಕಾರಣದಲ್ಲಿ. ಹವೆ ಮತ್ತು ವಾಯುಗುಣದ ಬಗ್ಗೆ ಜನರು ಕೇಳುವ ಪ್ರಶ್ನೆಗಳು ಹೆಚ್ಚೆಂದರೆ ಹತ್ತೋ ಹನ್ನೆರಡೋ. ಅವುಗಳಿಗೆ ಪತ್ರಿಕೆಗಳು, ದೂರದರ್ಶನ ವಾಹಿನಿಗಳು, ಗೈಡ್ ಪುಸ್ತಕಗಳು, ಮತ್ತು ಒಪ್ಪಿಕೊಳ್ಳಬೇಕಾದ ಮಾತು, ನಾವು ಅಧ್ಯಾಪಕರು ಕೊಡುವ ಸಿದ್ಧ ಉತ್ತರಗಳೂ ಅಷ್ಟೇ. ಇವುಗಳಲ್ಲಿ ಬಹುಪಾಲು ಮೊದಲ ಪ್ರಶ್ನೆಗೆ ಸಾಲುತ್ತವೆ, ಎರಡನೆಯ ಪ್ರಶ್ನೆಗೆ ನಿಲ್ಲುವುದಿಲ್ಲ. ಕಾರಣ ಸುಳ್ಳೆಂದು ಒಂದು ದಿನ ತಿಳಿದುಕೊಂಡ ವಿದ್ಯಾರ್ಥಿ ತೀರ್ಮಾನವೂ ಸುಳ್ಳಿರಬಹುದೆಂದು ಶಂಕಿಸುತ್ತಾನೆ. ವಿಜ್ಞಾನದ ಮೇಲಿನ ನಂಬಿಕೆ ಸಡಿಲವಾಗುವುದು ಹೀಗೆ. ಆದ್ದರಿಂದ ಈ ಲೇಖನದಲ್ಲಿ ಪ್ರಶ್ನೆಗಳಿಗಿಂತ ಹೆಚ್ಚಾಗಿ ನಮ್ಮ ಉತ್ತರಗಳನ್ನೇ ಪರೀಕ್ಷೆಗೆ ಒಡ್ಡೋಣ.

ಓಜೋನಿನ ವಿಷಯವನ್ನು ಇಲ್ಲಿಯೇ ಮುಗಿಸಿಬಿಡಬಹುದು. ಅಂಟಾರ್ಕ್ಟಿಕದ ಮೇಲೆ ಪ್ರತಿ ವರ್ಷ ಸೆಪ್ಟೆಂಬರ್ ವೇಳೆಗೆ ಓಜೋನ್ ತೀವ್ರವಾಗಿ ಕಡಿಮೆಯಾಗುತ್ತಿದೆಯೆಂದು ಬ್ರಿಟನ್ನಿನ ಫಾರ್ಮನ್, ಗಾರ್ಡಿನರ್ ಮತ್ತು ಶಾಂಕ್ಲಿನ್ 1985ರಲ್ಲಿ ಪ್ರಕಟಿಸಿದರು. ಓಜೋನ್ ತಡೆಯುವುದು ನೇರಳಾತೀತ ಕಿರಣಗಳನ್ನು. ಅವು ಚರ್ಮಕ್ಕೂ ಕಣ್ಣಿಗೂ ಬೆಳೆಗಳಿಗೂ ಅಪಾಯಕಾರಿ, ನಿಜ. ಆದರೆ ಸೂರ್ಯನ ಒಟ್ಟು ಶಕ್ತಿಯಲ್ಲಿ ಓಜೋನ್ ತಡೆಯುವ ಪಾಲು ತೀರ ಚಿಕ್ಕದು. ಮೇಲಾಗಿ, ಈ ಕಿರಣಗಳನ್ನು ಹೀರಿಕೊಂಡು ಬಿಸಿಯಾಗುವುದು ಸಮೋಷ್ಣ ಮಂಡಲ. ಅಲ್ಲಿ ಓಜೋನ್ ಕಡಿಮೆಯಾದರೆ ಆ ಪದರ ತಣ್ಣಗಾಗುತ್ತದೆ. ಎರಡು ಸಮಸ್ಯೆಗಳಿಗೂ ನಿಜವಾದ ನಂಟೊಂದಿದೆ. ಓಜೋನನ್ನು ನಾಶಮಾಡುವ ಕ್ಲೋರೊಫ್ಲೂರೊಕಾರ್ಬನ್‌ಗಳು ಪ್ರಬಲ ಹಸಿರುಮನೆ ಅನಿಲಗಳೂ ಹೌದು. ಹೀಗಾಗಿ 1987ರ ಮಾಂಟ್ರಿಯಲ್ ಒಪ್ಪಂದದಿಂದ ಎರಡೂ ಕಡೆ ಲಾಭವಾಯಿತು. ಚಿತ್ರಪಟಗಳಲ್ಲಿ ಬರೆಯಬೇಕಾದದ್ದು ಈ ನಂಟನ್ನೇ ಹೊರತು ತೂತಿನಿಂದ ನುಗ್ಗುವ ಬಾಣಗಳನ್ನಲ್ಲ.

ಹಸಿರುಮನೆಯ ಗಾಜು

"ಇಂಗಾಲದ ಡೈಆಕ್ಸೈಡ್ ಭೂಮಿಯನ್ನು ಹೇಗೆ ಬಿಸಿಮಾಡುತ್ತದೆ?" ಇದು ಎರಡನೆಯ ಸಾಮಾನ್ಯ ಪ್ರಶ್ನೆ. ಸಿದ್ಧ ಉತ್ತರ ನಿಮಗೆ ಗೊತ್ತು: ಗಾಜಿನ ಮನೆಯೊಳಗೆ ಬಿಸಿಲು ಬರುತ್ತದೆ, ಒಳಗಿನ ಶಾಖ ವಿಕಿರಣ ಗಾಜನ್ನು ದಾಟಲಾರದೆ ಪ್ರತಿಫಲಿಸುತ್ತದೆ, ಅನಿಲಗಳು ಆ ಗಾಜಿನಂತೆ.

ಈ ಉತ್ತರವನ್ನು 1909ರಲ್ಲಿಯೇ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಪ್ರಯೋಗಕ್ಕೆ ಒಡ್ಡಿದ್ದರು. ಒಂದು ಪೆಟ್ಟಿಗೆಗೆ ಗಾಜಿನ ಮುಚ್ಚಳ, ಇನ್ನೊಂದಕ್ಕೆ ಕಲ್ಲುಪ್ಪಿನ ಹಾಳೆಯ ಮುಚ್ಚಳ. ಕಲ್ಲುಪ್ಪು ಅವಕೆಂಪು ಕಿರಣಗಳನ್ನು ಹೊರಬಿಡುತ್ತದೆ, ಗಾಜು ಬಿಡುವುದಿಲ್ಲ. ಸಿದ್ಧ ಉತ್ತರ ಸರಿಯಾಗಿದ್ದರೆ ಉಪ್ಪಿನ ಪೆಟ್ಟಿಗೆ ಬಹಳ ತಣ್ಣಗಿರಬೇಕಿತ್ತು. ಎರಡೂ ಹೆಚ್ಚುಕಡಿಮೆ ಒಂದೇ ತಾಪಕ್ಕೆ ಬಂದವು. ಗಾಜಿನ ಮನೆ ಬೆಚ್ಚಗಿರಲು ಮುಖ್ಯ ಕಾರಣ, ಬಿಸಿಗಾಳಿ ಮೇಲೆದ್ದು ಹೊರಹೋಗದಂತೆ ಅದು ತಡೆಯುವುದು. ಎಂದರೆ ಉಷ್ಣಸಂವಹನಕ್ಕೆ ತಡೆ. ಇದನ್ನು ನೋಡಲು ಈಗ ಕಲ್ಲುಪ್ಪು ಹುಡುಕಬೇಕಾಗಿಲ್ಲ. ದಪ್ಪ ಮೆಣಸಿನಕಾಯಿ, ಗುಲಾಬಿ ಬೆಳೆಯುವ ಪಾಲಿಹೌಸ್‌ಗಳು ನಮ್ಮ ಹಲವು ಜಿಲ್ಲೆಗಳಲ್ಲಿವೆ. ಸಾದಾ ಪಾಲಿಥೀನ್ ಹಾಳೆ ಅವಕೆಂಪು ಕಿರಣಗಳನ್ನು ಬಹುಮಟ್ಟಿಗೆ ಹೊರಬಿಡುತ್ತದೆ. ಆದರೂ ಒಳಗೆ ಸೆಖೆ. ಮಧ್ಯಾಹ್ನ ರೈತರು ಪಕ್ಕದ ಪರದೆಯನ್ನು ಸುತ್ತಿ ಮೇಲೇರಿಸಿದ ಕೂಡಲೇ ತಂಪಾಗುತ್ತದೆ. ಹಾಳೆಯ ಚಾವಣಿ ಹಾಗೆಯೇ ಇರುತ್ತದೆ, ಬದಲಾಗುವುದು ಗಾಳಿಯ ಓಡಾಟ ಮಾತ್ರ.

ಹಾಗಾದರೆ ವಾಯುಮಂಡಲದಲ್ಲಿ ನಡೆಯುವುದೇನು? ಪಿ.ಯು. ವಿದ್ಯಾರ್ಥಿಯೂ ಮಾಡಬಹುದಾದ ಲೆಕ್ಕದಿಂದ ಆರಂಭಿಸೋಣ. ಸೂರ್ಯನ ಕಿರಣಗಳಿಗೆ ಲಂಬವಾಗಿರುವ ಪ್ರತಿ ಚದರ ಮೀಟರಿಗೆ ಬರುವ ಶಕ್ತಿ ಸುಮಾರು 1361 ವ್ಯಾಟ್. ಇದರಲ್ಲಿ ಸುಮಾರು ಶೇ. 30ರಷ್ಟನ್ನು ಮೋಡ, ಹಿಮ, ಮರುಭೂಮಿಗಳು ಹಾಗೆಯೇ ಹಿಂದಕ್ಕೆ ಕಳುಹಿಸುತ್ತವೆ. ಉಳಿದದ್ದು ಗೋಳದ ಇಡೀ ಮೇಲ್ಮೈಗೆ ಹಂಚಿಹೋಗುತ್ತದೆ; ಗೋಳದ ಮೇಲ್ಮೈ ಅದರ ಅಡ್ಡಕೊಯ್ತದ ನಾಲ್ಕರಷ್ಟು. 1361 × 0.7 ÷ 4 ಎಂದರೆ ಸುಮಾರು 238 ವ್ಯಾಟ್. ಭೂಮಿ ಇಷ್ಟನ್ನೇ ಹೊರಸೂಸಿದರೆ ಮಾತ್ರ ಜಮಾಖರ್ಚು ಸರಿಹೊಂದೀತು. ಸ್ಟೀಫನ್-ಬೋಲ್ಟ್ಸ್‌ಮನ್ ನಿಯಮವನ್ನು ಅನ್ವಯಿಸಿದರೆ ಇದಕ್ಕೆ ಬೇಕಾದ ತಾಪ 255 ಕೆಲ್ವಿನ್, ಅಂದರೆ ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗೆ. ಆದರೆ ನೆಲದ ಸರಾಸರಿ ತಾಪ ಸುಮಾರು 15 ಡಿಗ್ರಿ. ಈ 33 ಡಿಗ್ರಿಗಳ ಅಂತರವೇ ಹಸಿರುಮನೆ ಪರಿಣಾಮ.

ಅಂತರ ಬರುವುದು ಹೀಗೆ. ನೆಲ ಸೂಸುವ ಅವಕೆಂಪು ವಿಕಿರಣದ ಬಹುಭಾಗವನ್ನು ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಹೀರಿಕೊಂಡು, ಮತ್ತೆ ಎಲ್ಲ ದಿಕ್ಕುಗಳಿಗೂ ಸೂಸುತ್ತವೆ. ಇಲ್ಲಿ ಪ್ರತಿಫಲನವೇನೂ ಇಲ್ಲ. ಕೊನೆಗೆ ಅಂತರಿಕ್ಷಕ್ಕೆ ತಪ್ಪಿಸಿಕೊಂಡು ಹೋಗುವ ವಿಕಿರಣ ಹೊರಡುವುದು ನೆಲದಿಂದಲ್ಲ, ಸರಾಸರಿ 5 ಕಿ.ಮೀ. ಎತ್ತರದಿಂದ. ಮೇಲೇರಿದಂತೆ ಕಿಲೋಮೀಟರಿಗೆ ಸುಮಾರು 6.5 ಡಿಗ್ರಿಯಂತೆ ತಾಪ ಇಳಿಯುತ್ತದೆಂದು ನಮಗೆ ಗೊತ್ತು. 33ನ್ನು 6.5ರಿಂದ ಭಾಗಿಸಿ ನೋಡಿ, 5 ಬರುತ್ತದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಿದಾಗ ಈ 'ತಪ್ಪಿಸಿಕೊಳ್ಳುವ ಎತ್ತರ' ಇನ್ನೂ ಮೇಲಕ್ಕೆ, ಅಂದರೆ ಇನ್ನೂ ತಣ್ಣನೆಯ ಗಾಳಿಗೆ ಸರಿಯುತ್ತದೆ. ತಣ್ಣನೆಯ ಗಾಳಿ ಕಡಿಮೆ ಸೂಸುತ್ತದೆ. ಜಮಾ ಅಷ್ಟೇ, ಖರ್ಚು ಕಡಿಮೆ. ಹಾಗಾಗಿ ಆ ಎತ್ತರವೂ ಅದರ ಕೆಳಗಿನದೆಲ್ಲವೂ ಬಿಸಿಯಾಗಿ ಮತ್ತೆ ಸಮತೋಲಕ್ಕೆ ಬರಬೇಕಾಗುತ್ತದೆ. ಎತ್ತರ 150 ಮೀಟರ್ ಮೇಲೇರಿದರೆ ನೆಲದ ತಾಪದಲ್ಲಿ ಸುಮಾರು 1 ಡಿಗ್ರಿ ಏರಿಕೆ.

ಈಗ ಎರಡನೆಯ ಪ್ರಶ್ನೆಗಳು ಬರಲಿ. "ಹತ್ತು ಸಾವಿರದಲ್ಲಿ ನಾಲ್ಕು ಭಾಗ ಇರುವ ಅನಿಲ ಏನು ಮಾಡೀತು?" ಗಾಳಿಯ ಶೇ. 99ರಷ್ಟಿರುವ ನೈಟ್ರೋಜನ್ ಮತ್ತು ಆಕ್ಸಿಜನ್ ಅವಕೆಂಪು ಕಿರಣಗಳ ಪಾಲಿಗೆ ಇಲ್ಲದಂತೆಯೇ. ಎರಡು ಒಂದೇ ಬಗೆಯ ಪರಮಾಣುಗಳ ಅಣು ಕಂಪಿಸಿದರೂ ಅದರಲ್ಲಿ ವಿದ್ಯುತ್ ದ್ವಿಧ್ರುವ ಉಂಟಾಗುವುದಿಲ್ಲ. ಮೂರು ಪರಮಾಣುಗಳ ಇಂಗಾಲದ ಡೈಆಕ್ಸೈಡ್ ಬಾಗಿ ಬಳುಕುವಾಗ ಉಂಟಾಗುತ್ತದೆ. ಹೀಗೆ ಅದು 15 ಮೈಕ್ರಾನ್ ಸುತ್ತಮುತ್ತಲಿನ ತರಂಗಗಳನ್ನು ಹೀರುತ್ತದೆ. ಇನ್ನು ಪ್ರಮಾಣದ ಮಾತು. ನೀವು ನಿಂತ ಒಂದು ಚದರ ಮೀಟರ್ ನೆಲದ ಮೇಲಿನ ಗಾಳಿಯ ಕಂಬದ ತೂಕ ಸುಮಾರು 10 ಟನ್. ಅದರಲ್ಲಿ ಇಂಗಾಲದ ಡೈಆಕ್ಸೈಡ್ ಆರು ಕಿಲೋಗ್ರಾಮಿಗೂ ಹೆಚ್ಚು. ಆರು ಕಿಲೋವನ್ನು 'ಏನೂ ಅಲ್ಲ' ಎನ್ನುವವರು ಯಾರು?

"ಇರುವ ಅನಿಲವೇ ಎಲ್ಲವನ್ನೂ ಹೀರಿಬಿಡುತ್ತದಲ್ಲ, ಇನ್ನಷ್ಟು ಸೇರಿದರೇನು?" ಇದು ಜಾಣ ಪ್ರಶ್ನೆ. ಸ್ವೀಡನ್ನಿನ ಕ್ನೂಟ್ ಆಂಗ್‌ಸ್ಟ್ರಾಮ್ 1900ರಲ್ಲಿ ಅರ್‍ಹೇನಿಯಸ್‌ರ ವಿರುದ್ಧ ಎತ್ತಿದ ಆಕ್ಷೇಪಣೆ ಇದೇ. ಗಾಜಿನ ಉಪಮೆಯನ್ನು ಹಿಡಿದು ಕೂತವರಲ್ಲಿ ಇದಕ್ಕೆ ಉತ್ತರವಿಲ್ಲ, ಏಕೆಂದರೆ ಗಾಜು ಒಮ್ಮೆ ಅಪಾರಕವಾದರೆ ಮುಗಿಯಿತು. ತಪ್ಪಿಸಿಕೊಳ್ಳುವ ಎತ್ತರದ ವಿವರಣೆ ತಿಳಿದವರಿಗೆ ಉತ್ತರ ಸಿದ್ಧವಿದೆ: ಕೆಳಗೆ ಹೀರಿಕೆ ಪೂರ್ಣವಾಗಿದ್ದರೂ, ಮೇಲಿನ ತೆಳು ಗಾಳಿಯಲ್ಲಿ ಆ ಎತ್ತರ ಏರುತ್ತಲೇ ಹೋಗುತ್ತದೆ.

"ಸೂರ್ಯನೇ ಹೆಚ್ಚು ಉರಿಯುತ್ತಿರಬಹುದಲ್ಲ?" ಹಾಗಿದ್ದಲ್ಲಿ ವಾಯುಮಂಡಲ ಮೇಲಿಂದ ಕೆಳಗಿನವರೆಗೆ ಬಿಸಿಯಾಗಬೇಕಿತ್ತು. ಆದರೆ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಕೆಳಗೆ ಬಿಸಿಯಾಗಿ, ಮೇಲೆ ಸಮೋಷ್ಣ ಮಂಡಲ ತಣ್ಣಗಾಗಬೇಕೆಂದು ಮನಾಬೆ ಮತ್ತು ವೆದರಾಲ್ಡ್ 1967ರಲ್ಲಿಯೇ ಲೆಕ್ಕ ಹಾಕಿದ್ದರು. ಬಲೂನು ಮತ್ತು ಉಪಗ್ರಹಗಳ ಅಳತೆಗಳು ತೋರಿಸಿದ್ದು ಇದನ್ನೇ. ಸಮೋಷ್ಣ ಮಂಡಲದ ಕೆಳಭಾಗ ತಂಪಾದುದಕ್ಕೆ ಓಜೋನ್ ನಷ್ಟವೂ ಕಾರಣ. ಮೇಲ್ಭಾಗದ ತಂಪಿಗೆ ಮುಖ್ಯ ಕಾರಣ ಇಂಗಾಲದ ಡೈಆಕ್ಸೈಡ್. ಮನಾಬೆ ಅವರಿಗೆ 2021ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಇಂಥ ಪುರಾವೆ ಇರುವಾಗ ನಾವು ಗಾಜಿನ ಪೆಟ್ಟಿಗೆಯನ್ನೇ ತೋರಿಸುತ್ತ ಕೂರುವುದೇಕೆ?

ನಾಳೆಯದನ್ನೇ ಹೇಳಲಾರದವರು

"ನಾಳೆ ಮಳೆ ಬರುತ್ತದೋ ಇಲ್ಲವೋ ಸರಿಯಾಗಿ ಹೇಳಲಾರದವರು ಐವತ್ತು ವರ್ಷದ ಮುಂದಿನದನ್ನು ಹೇಗೆ ಹೇಳುತ್ತಾರೆ?" ಯಾವ ಊರಿನಲ್ಲಿ ಉಪನ್ಯಾಸ ಮಾಡಿದರೂ ಈ ಪ್ರಶ್ನೆ ತಪ್ಪದು. ಸಿದ್ಧ ಉತ್ತರ: "ಒಂದು ದಿನದ ಸ್ಥಿತಿ ಹವಾಮಾನ, ಮೂವತ್ತು ವರ್ಷದ ಸರಾಸರಿ ವಾಯುಗುಣ." ಇದು ವ್ಯಾಖ್ಯೆ, ಉತ್ತರವಲ್ಲ. ಕೇಳಿದವರು ಕೂಡಲೇ ಹೇಳುತ್ತಾರೆ: "ದಿನಗಳೇ ತಪ್ಪಾದರೆ ಸರಾಸರಿ ಹೇಗೆ ಸರಿಯಾದೀತು?"

ಇದಕ್ಕೆ ನಮ್ಮ ಪದಬಳಕೆಯೂ ಒಂದಿಷ್ಟು ಕಾರಣ. ಭೂಗೋಳದ ಪಾಠದಲ್ಲಿ 'ಹವಾಮಾನ' ಮತ್ತು 'ವಾಯುಗುಣ' ಬೇರೆ ಬೇರೆ. ಆದರೆ ಪತ್ರಿಕೆಯಲ್ಲಿ ಹವಾಮಾನ ಇಲಾಖೆಯ ನಾಳೆಯ ವರದಿಯೂ 'ಹವಾಮಾನ', ಶತಮಾನದ ಬದಲಾವಣೆಯೂ 'ಹವಾಮಾನ ಬದಲಾವಣೆ'. ಒಂದೇ ಪದವನ್ನು ಎರಡಕ್ಕೂ ಬಳಸಿ, ಜನ ಎರಡನ್ನೂ ಬೆರೆಸುತ್ತಾರೆಂದು ದೂರುವುದು ನ್ಯಾಯವಲ್ಲ. ಬಳಕೆಯಲ್ಲಿ ಬೇರೂರಿದ ಪದವನ್ನು ಕೀಳಲಾಗದು. ತರಗತಿಯಲ್ಲಾದರೂ 'ವಾಯುಗುಣ ಬದಲಾವಣೆ' ಎನ್ನುವ ಅಭ್ಯಾಸ ಇಟ್ಟುಕೊಳ್ಳಬಹುದು.

ನಿಜವಾದ ಉತ್ತರ ಎರಡು ಬಗೆಯ ಲೆಕ್ಕಗಳ ವ್ಯತ್ಯಾಸದಲ್ಲಿದೆ. ಒಲೆಯ ಮೇಲೆ ನೀರಿನ ಪಾತ್ರೆ ಇಟ್ಟಿದ್ದೀರಿ. ಮುಂದಿನ ಗುಳ್ಳೆ ತಳದ ಯಾವ ಮೂಲೆಯಿಂದ ಏಳುತ್ತದೆಂದು ಯಾರೂ ಹೇಳಲಾರರು. ಆದರೆ ಒಲೆಯ ಶಕ್ತಿ ಮತ್ತು ನೀರಿನ ಪ್ರಮಾಣ ತಿಳಿದರೆ ಎಷ್ಟು ನಿಮಿಷದಲ್ಲಿ ಕುದಿಯುತ್ತದೆಂದು ಹೇಳಬಹುದು. ಮೊದಲನೆಯದು ಆರಂಭದ ಸ್ಥಿತಿಯನ್ನು ಅವಲಂಬಿಸಿದ ಲೆಕ್ಕ. ಎರಡನೆಯದು ಶಕ್ತಿಯ ಜಮಾಖರ್ಚಿನ ಲೆಕ್ಕ. ದಿನದ ಮುನ್ಸೂಚನೆ ಮೊದಲ ಬಗೆಯದು. ಎಡ್ವರ್ಡ್ ಲೊರೆಂಜ್ 1961ರಲ್ಲಿ ಗಣಕಯಂತ್ರಕ್ಕೆ 0.506127ರ ಬದಲು 0.506 ಎಂದು ಕೊಟ್ಟಾಗ, ಸ್ವಲ್ಪ ಹೊತ್ತಿನಲ್ಲಿ ಫಲಿತಾಂಶ ಗುರುತೇ ಸಿಗದಷ್ಟು ಬದಲಾಯಿತು. ಆರಂಭದ ಸಣ್ಣ ದೋಷ ಬೆಳೆಯುತ್ತ ಹೋಗುವುದರಿಂದ ಎರಡು ವಾರಗಳಾಚೆ ದಿನವಾರು ಮುನ್ಸೂಚನೆ ಬಹುಮಟ್ಟಿಗೆ ಅಸಾಧ್ಯ. ಆದರೆ ಬರುವ ಏಪ್ರಿಲ್ ತಿಂಗಳು ಬೆಂಗಳೂರಿನಲ್ಲಿ ಡಿಸೆಂಬರಿಗಿಂತ ಬಿಸಿಯಾಗಿರುತ್ತದೆಂದು ಹೇಳಲು ಯಾವ ಯಂತ್ರವೂ ಬೇಡ. ಅನಿಲದ ಒಂದು ಅಣುವಿನ ಹಾದಿ ತಿಳಿಯದೆಯೇ ಅದರ ಒತ್ತಡವನ್ನು ಲೆಕ್ಕ ಹಾಕುವ ಅಣುಚಲನ ಸಿದ್ಧಾಂತವನ್ನು ನಾವು ನಿತ್ಯ ಕಲಿಸುತ್ತೇವೆ. ಈ ಪ್ರಶ್ನೆ ಬಂದಾಗ ಮಾತ್ರ ಅದನ್ನು ಮರೆಯುತ್ತೇವೆ.

"ಆ ಎರಡನೆಯ ಬಗೆಯ ಲೆಕ್ಕ ಎಂದಾದರೂ ಪರೀಕ್ಷೆಯಲ್ಲಿ ಪಾಸಾಗಿದೆಯೇ?" ಎಂದು ಕೇಳಿದರೆ, ಆಗಿದೆ. ಫಿಲಿಪ್ಪೀನ್ಸಿನ ಪಿನಾಟುಬೊ ಜ್ವಾಲಾಮುಖಿ 1991ರ ಜೂನ್‌ನಲ್ಲಿ ಸ್ಫೋಟಿಸಿ ಸಮೋಷ್ಣ ಮಂಡಲಕ್ಕೆ ಅಪಾರ ಗಂಧಕದ ಡೈಆಕ್ಸೈಡನ್ನು ಉಗುಳಿತು. ಜಗತ್ತಿನ ಸರಾಸರಿ ತಾಪ 1992ರ ಕೊನೆಯ ವೇಳೆಗೆ ಅರ್ಧ ಡಿಗ್ರಿಯಷ್ಟು ಇಳಿದು ಮತ್ತೆ ಏರುವುದೆಂದು ಜೇಮ್ಸ್ ಹ್ಯಾನ್ಸನ್ ಮತ್ತು ಸಂಗಡಿಗರು 1992ರ ಆರಂಭದಲ್ಲಿಯೇ ಪ್ರಕಟಿಸಿದರು. ಹೆಚ್ಚುಕಡಿಮೆ ಹಾಗೆಯೇ ಆಯಿತು.

ಮುಂಗಾರು ದೊಡ್ಡ ಕಡಲಗಾಳಿಯೇ?

ನಮ್ಮ ಪಾಠಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿರುವ ಉತ್ತರ ಮುಂಗಾರಿನದು. "ಬೇಸಿಗೆಯಲ್ಲಿ ನೆಲ ಕಡಲಿಗಿಂತ ಹೆಚ್ಚು ಕಾಯುತ್ತದೆ. ಬಿಸಿಗಾಳಿ ಮೇಲೇರುತ್ತದೆ. ಆ ಜಾಗಕ್ಕೆ ಕಡಲಿನಿಂದ ತೇವದ ಗಾಳಿ ನುಗ್ಗುತ್ತದೆ. ಇದೇ ಮಾನ್ಸೂನ್." ಈ ವಿವರಣೆಯನ್ನು ಮೊದಲು ಕೊಟ್ಟವರು ಧೂಮಕೇತುವಿನ ಖ್ಯಾತಿಯ ಎಡ್ಮಂಡ್ ಹ್ಯಾಲಿ, 1686ರಲ್ಲಿ. ಅಂದಿನ ಕಾಲಕ್ಕೆ ಅದು ಅದ್ಭುತ ಊಹೆ. ಆದರೆ ಎರಡು ಸರಳ ಪ್ರಶ್ನೆಗಳನ್ನು ಕೇಳಿ.

ಒಂದು: ನೆಲ ಅತಿ ಹೆಚ್ಚು ಕಾಯುವುದು ಮೇ ತಿಂಗಳಲ್ಲಿ. ಮಳೆ ಅತಿ ಹೆಚ್ಚು ಬೀಳುವುದು ಜುಲೈ, ಆಗಸ್ಟಿನಲ್ಲಿ, ನೆಲ ತಣ್ಣಗಾದ ಮೇಲೆ. ಕಡಲಗಾಳಿಯ ಸಿದ್ಧಾಂತದಂತೆ ನೆಲ ತಣಿದ ಕೂಡಲೇ ಮುಂಗಾರು ನಿಲ್ಲಬೇಕಿತ್ತಲ್ಲವೇ? ಎರಡು: ನೆಲ ಹೆಚ್ಚು ಕಾದ ವರ್ಷ ಮಳೆ ಹೆಚ್ಚಾಗಬೇಕು. ಆದರೆ ಬರದ ವರ್ಷಗಳಲ್ಲಿಯೇ ನೆಲ ಹೆಚ್ಚು ಬಿಸಿ, ಒಳ್ಳೆಯ ಮಳೆಯ ವರ್ಷಗಳಲ್ಲಿ ತಂಪು. ಇದು ರೈತರಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ. ಈ ಆಕ್ಷೇಪಣೆಗಳು ಹೊಸವೂ ಅಲ್ಲ. ಭಾರತದಲ್ಲಿ ಕೆಲಸ ಮಾಡಿದ್ದ ಜಾರ್ಜ್ ಸಿಂಪ್ಸನ್ 1921ರಲ್ಲಿಯೇ ಇವನ್ನು ಮುಂದಿಟ್ಟಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ತಮ್ಮ 2003ರ ವಿಮರ್ಶಾ ಪ್ರಬಂಧದಲ್ಲಿ ಇವನ್ನು ವಿಸ್ತಾರವಾಗಿ ಚರ್ಚಿಸಿ, ಮುಂಗಾರನ್ನು ಬೇರೆ ರೀತಿಯಲ್ಲಿ ನೋಡಬೇಕೆಂದು ವಾದಿಸಿದರು.

ಆ ನೋಟ ಹೀಗಿದೆ. ಸಮಭಾಜಕ ವೃತ್ತದ ಆಸುಪಾಸಿನಲ್ಲಿ ಎರಡೂ ಗೋಳಾರ್ಧಗಳ ವಾಣಿಜ್ಯ ಮಾರುತಗಳು ಸಂಧಿಸುವ ಒಂದು ಪಟ್ಟಿಯಿದೆ. ಅಲ್ಲಿ ಗಾಳಿ ಮೇಲೇರಿ ಮೋಡ ಕಟ್ಟುತ್ತದೆ, ಮಳೆ ಸುರಿಯುತ್ತದೆ. ಸೂರ್ಯನನ್ನು ಹಿಂಬಾಲಿಸಿ ಈ ಪಟ್ಟಿ ಋತುಮಾನದಂತೆ ಉತ್ತರಕ್ಕೂ ದಕ್ಷಿಣಕ್ಕೂ ಸರಿಯುತ್ತದೆ. ಇತರ ಸಾಗರಗಳ ಮೇಲೆ ಈ ಸರಿದಾಟ ಅಲ್ಪ. ನಮ್ಮಲ್ಲಿ ಅದು ಗಂಗಾ ಬಯಲಿನವರೆಗೂ ಏರಿಬರುತ್ತದೆ. ದಕ್ಷಿಣ ಗೋಳಾರ್ಧದ ಆಗ್ನೇಯ ಮಾರುತಗಳು ಅದನ್ನು ಸೇರಲು ಸಮಭಾಜಕವನ್ನು ದಾಟಿ, ಭೂಮಿಯ ಆವರ್ತನದಿಂದ ಬಲಕ್ಕೆ ತಿರುಗಿ, ನೈರುತ್ಯ ಮಾರುತಗಳಾಗುತ್ತವೆ. ಭೂಖಂಡ ಕಾಯುವುದಕ್ಕೆ ಇದರಲ್ಲಿ ಪಾತ್ರವಿಲ್ಲವೆಂದಲ್ಲ. ಪಟ್ಟಿಯನ್ನು ಇಷ್ಟು ಉತ್ತರಕ್ಕೆ ಸೆಳೆಯಲು ಅದು ವೇದಿಕೆ ಸಿದ್ಧಪಡಿಸುತ್ತದೆ. ಆದರೆ ನಾಲ್ಕು ತಿಂಗಳು ನಡೆಸುವುದು ಬೇರೊಂದು ಶಕ್ತಿ.

ಅದು ಯಾವುದೆಂದು ವಿದ್ಯಾರ್ಥಿಗಳಿಂದಲೇ ಲೆಕ್ಕ ಮಾಡಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶದ ಸರಾಸರಿ ಮಳೆ 87 ಸೆಂ.ಮೀ. ಎಂದರೆ ಚದರ ಮೀಟರಿಗೆ 870 ಕಿಲೋಗ್ರಾಂ ನೀರು. ಒಂದು ಕಿಲೋಗ್ರಾಂ ಆವಿ ನೀರಾಗುವಾಗ ಬಿಡುಗಡೆಯಾಗುವ ಗುಪ್ತೋಷ್ಣ ಸುಮಾರು 25 ಲಕ್ಷ ಜೂಲ್. ಇವೆರಡನ್ನೂ ಗುಣಿಸಿ 122 ದಿನಗಳ ಸೆಕೆಂಡುಗಳಿಂದ ಭಾಗಿಸಿದರೆ ಚದರ ಮೀಟರಿಗೆ ಸುಮಾರು 200 ವ್ಯಾಟ್ ಬರುತ್ತದೆ. ಭೂಮಿ ಸೂರ್ಯನಿಂದ ಸರಾಸರಿ ಹೀರುವ 238 ವ್ಯಾಟ್‌ಗೆ ಹೋಲಿಸಿ ನೋಡಿ. ಮೋಡಗಳೊಳಗೆ ಬಿಡುಗಡೆಯಾಗುವ ಈ ಶಾಖ ಗಾಳಿಯನ್ನು ಮೇಲೆತ್ತುತ್ತದೆ, ಅದು ಇನ್ನಷ್ಟು ತೇವದ ಗಾಳಿಯನ್ನು ಎಳೆದುಕೊಳ್ಳುತ್ತದೆ. ನೆಲ ತಣಿದರೂ ಮುಂಗಾರು ನಡೆಯುವುದು ಇದರಿಂದ. ಕಡಲಗಾಳಿಯ ಉಪಮೆ ಈ ಸೊಗಸಾದ ಭೌತವಿಜ್ಞಾನವನ್ನೆಲ್ಲ ಮುಚ್ಚಿಬಿಡುತ್ತದೆ.

'ಎಲ್ ನಿನೊ ಬಂತು, ಬರ ಬಂತು'

ಶಾಂತಸಾಗರದ ಪೂರ್ವಭಾಗ ಬಿಸಿಯಾಗಿದೆಯೆಂಬ ಸುದ್ದಿ ಬಂದ ಮರುದಿನವೇ ನಮ್ಮ ಪತ್ರಿಕೆಗಳಲ್ಲಿ ಬರದ ಚಿತ್ರಗಳು ಕಾಣಿಸುತ್ತವೆ. ಅಂಕಿಗಳು ಏನನ್ನುತ್ತವೆ? 1997ರಲ್ಲಿ ಶತಮಾನದ ಅತಿ ಪ್ರಬಲ ಎಲ್ ನಿನೊಗಳಲ್ಲೊಂದು ಬಂದಿತು. ಭಾರತದ ಮುಂಗಾರು ವಾಡಿಕೆಯ ಶೇ. 102. ಅದಕ್ಕಿಂತ ಬಹಳ ದುರ್ಬಲವಾದ 2002ರ ಎಲ್ ನಿನೊ ವರ್ಷದಲ್ಲಿ ಮಳೆ ಶೇ. 81ಕ್ಕೆ ಕುಸಿಯಿತು, ಹವಾಮಾನ ಇಲಾಖೆ ಆ ವರ್ಷ ಸಾಮಾನ್ಯ ಮಳೆಯೆಂದು ಮುನ್ಸೂಚನೆ ಕೊಟ್ಟಿತ್ತು. 2009ರಲ್ಲಿ ಶೇ. 78, 2015ರಲ್ಲಿ ಶೇ. 86. ಆದ್ದರಿಂದ ಹೇಳಬೇಕಾದದ್ದು 'ಬರ ಬರುತ್ತದೆ' ಎಂದಲ್ಲ, 'ಬರದ ಸಂಭವ ಹೆಚ್ಚುತ್ತದೆ' ಎಂದು. ಹಿಂದೂ ಮಹಾಸಾಗರಕ್ಕೂ ತನ್ನದೇ ಆದ ಪಾತ್ರವಿದೆ. ಅದರ ಪಶ್ಚಿಮ ಮತ್ತು ಪೂರ್ವ ಭಾಗಗಳ ತಾಪದ ಏರಿಳಿತವನ್ನು ಸಾಜಿ, ಗೋಸ್ವಾಮಿ, ವಿನಯಚಂದ್ರನ್ ಮತ್ತು ಯಮಗಾಟ 1999ರಲ್ಲಿ ಗುರುತಿಸಿದರು. 1997ರಲ್ಲಿ ಅದು ಮಳೆಗೆ ಅನುಕೂಲವಾದ ದಿಕ್ಕಿನಲ್ಲಿತ್ತು.

ಸಂಭವನೀಯತೆಯನ್ನು ಹೇಳುವುದಕ್ಕೆ ನಾವು ಹಿಂಜರಿಯುತ್ತೇವೆ. 'ಮಳೆಯ ಸಂಭವ ಶೇ. 60' ಎಂದರೆ, ಅಂಥ ಮುನ್ಸೂಚನೆ ಕೊಟ್ಟ ಹತ್ತು ದಿನಗಳಲ್ಲಿ ಆರು ದಿನ ಮಳೆಯಾಗಬೇಕು, ನಾಲ್ಕು ದಿನ ಆಗಬಾರದು. ಹತ್ತೂ ದಿನ ಮಳೆಯಾದರೆ ಆ ಮುನ್ಸೂಚನೆಯೇ ತಪ್ಪು! ಹಾಗೆಯೇ ಇಲಾಖೆಯ ಭಾಷೆಯಲ್ಲಿ 'ಅಲ್ಲಲ್ಲಿ ಮಳೆ' ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚಿಲ್ಲದಷ್ಟು ಕಡೆ. ನಮ್ಮ ಊರು ಉಳಿದ ಮುಕ್ಕಾಲು ಭಾಗದಲ್ಲಿದ್ದರೆ ಇಲಾಖೆಯನ್ನು ಬೈಯುವಂತಿಲ್ಲ.

'ದೇಶದಲ್ಲಿ ಸಾಮಾನ್ಯ ಮಳೆ' ಎಂಬ ಮಾತನ್ನೂ ಬಿಡಿಸಿ ಹೇಳಬೇಕು. ಅದು ಆಗುಂಬೆ ಮತ್ತು ಚಿತ್ರದುರ್ಗಗಳನ್ನು, ಚಿರಾಪುಂಜಿ ಮತ್ತು ಜೈಸಲ್ಮೇರ್‌ಗಳನ್ನು ಕೂಡಿಸಿ ತೆಗೆದ ಸರಾಸರಿ. 2023ರಲ್ಲಿ ದೇಶದ ಮುಂಗಾರು ವಾಡಿಕೆಯ ಶೇ. 94 ಇತ್ತು, ಕೊರತೆ ಕೇವಲ ಆರು. ಅದೇ ವರ್ಷ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಒಣಗಿದ ಹೊಲದ ಎದುರು ನಿಂತವನಿಗೆ ಸರಾಸರಿಯನ್ನು ತೋರಿಸುವುದು ಉತ್ತರವಲ್ಲ.

'ಮೇಘಸ್ಫೋಟ'

ಕೊನೆಯದಾಗಿ, ಇನ್ನೊಂದು ತುದಿಯ ತಪ್ಪು. ಜೋರಾಗಿ ಮಳೆ ಬಂದರೆ ಈಗ ಎಲ್ಲವೂ 'ಮೇಘಸ್ಫೋಟ', ಎಲ್ಲಕ್ಕೂ 'ಹವಾಮಾನ ಬದಲಾವಣೆ'ಯೇ ಕಾರಣ. ಸುಮಾರು 20ರಿಂದ 30 ಚದರ ಕಿ.ಮೀ. ಪ್ರದೇಶದಲ್ಲಿ ಒಂದೇ ಗಂಟೆಯಲ್ಲಿ 100 ಮಿ.ಮೀ.ಗೂ ಮೀರಿ ಸುರಿದರೆ ಮಾತ್ರ ಹವಾಮಾನ ಇಲಾಖೆ ಅದನ್ನು ಮೇಘಸ್ಫೋಟ ಎನ್ನುತ್ತದೆ. ದಿನಕ್ಕೊಮ್ಮೆ ಓದುವ ಮಳೆಮಾಪಕ ಇದನ್ನು ಹೇಳಲಾರದು. ಯಾವ ಮಾಪಕ, ಗಂಟೆಗೆ ಎಷ್ಟು ದಾಖಲಿಸಿತು ಎಂಬ ಎರಡನೆಯ ಪ್ರಶ್ನೆಯನ್ನು ವರದಿಗಾರರೂ ಕೇಳುವುದಿಲ್ಲ, ಓದುಗರೂ ಕೇಳುವುದಿಲ್ಲ.

ಭಾರಿ ಮಳೆಗೂ ತಾಪ ಏರಿಕೆಗೂ ಸಂಬಂಧ ಇದ್ದೇ ಇದೆ. ತಾಪ 1 ಡಿಗ್ರಿ ಏರಿದರೆ ಗಾಳಿ ಹಿಡಿದಿಡಬಲ್ಲ ಆವಿ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ, ಇದು ಕ್ಲಾಸಿಯಸ್-ಕ್ಲೇಪರಾನ್ ಸಮೀಕರಣದ ನೇರ ಫಲ. ಮಧ್ಯಭಾರತದಲ್ಲಿ 1951ರಿಂದ 2000ದವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಬಿ.ಎನ್. ಗೋಸ್ವಾಮಿ ಮತ್ತು ಸಂಗಡಿಗರು, ಭಾರಿ ಮಳೆಯ ಪ್ರಸಂಗಗಳು ಹೆಚ್ಚಿ ಸಾಧಾರಣ ಮಳೆಯ ಪ್ರಸಂಗಗಳು ಕಡಿಮೆಯಾಗಿವೆಯೆಂದು 2006ರಲ್ಲಿ ತೋರಿಸಿದರು. ಋತುವಿನ ಒಟ್ಟು ಮಳೆಯಲ್ಲಿ ಮಾತ್ರ ಗಮನಾರ್ಹ ಬದಲಾವಣೆ ಇರಲಿಲ್ಲ. 'ಮಳೆ ಮೊದಲಿನಂತಿಲ್ಲ' ಎಂಬ ಹಿರಿಯರ ಮಾತಿಗೂ 'ಸರಾಸರಿ ಹಾಗೆಯೇ ಇದೆ' ಎಂಬ ಪುಸ್ತಕದ ಮಾತಿಗೂ ಇಲ್ಲಿ ಜಗಳವಿಲ್ಲ.

ಆದರೆ 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವಭಾಗದ ಬಡಾವಣೆಗಳಲ್ಲಿ ದೋಣಿ, ಟ್ರ್ಯಾಕ್ಟರ್ ಓಡಿಸಬೇಕಾಗಿ ಬಂದದ್ದಕ್ಕೆ ವಾಯುಗುಣವನ್ನು ಮಾತ್ರ ದೂರಿದರೆ ಸರಿಯಾದೀತೆ? ಸ್ಥೂಲವಾಗಿ ಲೆಕ್ಕ ಹಾಕಿ: 100 ಮಿ.ಮೀ. ಮಳೆ 107 ಆಯಿತೆನ್ನೋಣ. ಒಂದು ಹೆಕ್ಟೇರಿಗೆ 100 ಮಿ.ಮೀ. ಎಂದರೆ 10 ಲಕ್ಷ ಲೀಟರ್, ಹೆಚ್ಚಾದದ್ದು 70 ಸಾವಿರ. ಆ 10 ಲಕ್ಷ ಲೀಟರಿನಲ್ಲಿ ಬಹುಪಾಲನ್ನು ಹಿಂದೆ ಮಣ್ಣು ಹೀರುತ್ತಿತ್ತು, ಉಳಿದದ್ದನ್ನು ರಾಜಕಾಲುವೆಗಳು ಕೆರೆಯಿಂದ ಕೆರೆಗೆ ಸಾಗಿಸುತ್ತಿದ್ದವು. ಮಣ್ಣಿಗೆ ಕಾಂಕ್ರೀಟ್ ಹೊದಿಸಿ ಕಾಲುವೆಗಳನ್ನು ಕಿರಿದಾಗಿಸಿದ ಮೇಲೆ ಸಾಮಾನ್ಯ ಮಳೆಯೂ ಪ್ರವಾಹವೇ. ವಾಯುಗುಣ ಬದಲಾವಣೆ ಹೊಣೆ ಜಾರಿಸಿಕೊಳ್ಳುವವರಿಗೆ ನೆಪವಾಗಬಾರದು.

ಸರಳ ಮಾಡುವುದು ಬೇರೆ, ತಪ್ಪು ಹೇಳುವುದು ಬೇರೆ

"ಎಂಟನೆಯ ತರಗತಿಯ ಮಕ್ಕಳಿಗೆ ಇಷ್ಟೆಲ್ಲ ಹೇಳಲು ಸಾಧ್ಯವೇ?" ಎಂದು ನೀವು ಕೇಳಬಹುದು. ಎಲ್ಲವನ್ನೂ ಹೇಳಬೇಕಾಗಿಲ್ಲ. ಸರಳ ಮಾಡುವಾಗ ಕೆಲವು ವಿವರಗಳನ್ನು ಬಿಡುತ್ತೇವೆ. ಮುಂದಿನ ತರಗತಿಯಲ್ಲಿ ಅವನ್ನು ಸೇರಿಸಿಕೊಳ್ಳಬಹುದು. ತಪ್ಪು ಹೇಳಿದರೆ ಮುಂದಿನ ಅಧ್ಯಾಪಕರು ಮೊದಲು ಅದನ್ನು ಕಿತ್ತುಹಾಕಬೇಕು. "ಕೆಲವು ಅನಿಲಗಳು ಭೂಮಿಯ ಶಾಖ ಹೊರಹೋಗುವುದನ್ನು ಕಷ್ಟಗೊಳಿಸುತ್ತವೆ" ಎಂಬ ವಾಕ್ಯ ಎಂಟನೆಯ ತರಗತಿಗೂ ಸಲ್ಲುತ್ತದೆ, ಎಂ.ಎಸ್ಸಿ.ಗೂ ಸುಳ್ಳಾಗುವುದಿಲ್ಲ. "ಗಾಜಿನಂತೆ ಪ್ರತಿಫಲಿಸುತ್ತವೆ" ಎಂಬ ವಾಕ್ಯ ಎಲ್ಲಿಯೂ ಸಲ್ಲದು.

ಇದರಿಂದ ಯಾರಿಗೂ ಅವಸರ ಬೇಡವೆಂಬ ಭಾವನೆ ಬರದಿರಲಿ. ಕೈಗಾರಿಕಾ ಯುಗಕ್ಕೆ ಮೊದಲು ಹತ್ತು ಲಕ್ಷದಲ್ಲಿ 280 ಭಾಗವಿದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ. 2024ರ ಜಾಗತಿಕ ಸರಾಸರಿ ತಾಪ ಆ ಕಾಲಕ್ಕಿಂತ 1.5 ಡಿಗ್ರಿಗೂ ಹೆಚ್ಚಿತ್ತು. ಜನರು ಮುಂದೆ ಕಷ್ಟದ ನಿರ್ಧಾರಗಳನ್ನು ಮಾಡಬೇಕಾಗಿದೆ. ಅವರು ನಮ್ಮ ಮಾತನ್ನು ನಂಬಬೇಕಾದರೆ, ಆ ಮಾತು ಅವರ ಮರುಪ್ರಶ್ನೆಯನ್ನು ತಾಳಿಕೊಳ್ಳುವಂತಿರಬೇಕು.

ನಿಮ್ಮ ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕವನ್ನಿಡಿ. ನೇರ ಗೋಡೆಯ ಯಾವುದೇ ಡಬ್ಬಿ ಮತ್ತು ಒಂದು ಅಳತೆಪಟ್ಟಿ ಸಾಕು. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಮಕ್ಕಳು ಅಳೆದು ಬರೆಯಲಿ. ಪಕ್ಕದ ಕಾಲಂನಲ್ಲಿ ಹಿಂದಿನ ದಿನದ ಮುನ್ಸೂಚನೆಯನ್ನೂ ಬರೆಯಲಿ. ಒಂದು ಮುಂಗಾರು ಮುಗಿಯುವುದರೊಳಗೆ 'ಇಲಾಖೆ ಹೇಳಿದ್ದೆಲ್ಲ ಸುಳ್ಳು' ಎನ್ನುವ ಮಾತು ಎಷ್ಟರಮಟ್ಟಿಗೆ ನಿಜವೆಂದು ಅವರೇ ಎಣಿಸಿ ಹೇಳುತ್ತಾರೆ. ಮತ್ತು ಮುಂದಿನ ವಸ್ತುಪ್ರದರ್ಶನದಲ್ಲಿ ಆ ನೋಟ್‌ಬುಕ್ಕನ್ನು ಮೇಜಿನ ಮೇಲಿಡಿ. ತೀರ್ಪುಗಾರರು ಎಷ್ಟು ಮರುಪ್ರಶ್ನೆ ಕೇಳಿದರೂ ಹುಡುಗಿ ಶಿಕ್ಷಕರ ಮುಖ ನೋಡಬೇಕಾಗಿ ಬರುವುದಿಲ್ಲ.